ಹುಸೇನಪ್ಪ ಕಾಕಾ ಮತ್ತು ಹಗಲು ಕರೆಂಟು

ಮಸ್ಕಿಯ ಹೊರಗೆ, ಲಿಂಗಸೂಗೂರು ರಸ್ತೆಯ ಪಕ್ಕದ ಕಲ್ಲುಭೂಮಿಯಲ್ಲಿ ನಮ್ಮ ವಿದ್ಯುತ್ ಕಂಪನಿ ಸೋಲಾರ್ ಪ್ಲಾಂಟ್ ಹಾಕಿದ ಹೊಸತರಲ್ಲಿ, ಒಂದು ಮಧ್ಯಾಹ್ನ ಲೈನ್‌ಮನ್ ಹುಸೇನಪ್ಪ ಕಾಕಾ ಟಂಟಂ ಗಾಡಿಯ ತುಂಬ ಕೌದಿ ಹೇರಿಕೊಂಡು ಬಂದರು. ಅವರ ಮನೆಯವು ನಾಲ್ಕೈದು, ಉಳಿದವು ಓಣಿಯಲ್ಲಿ ಕೇಳಿ ತಂದವು. ಹಳೆ ಇಳಕಲ್ ಸೀರೆ, ಧೋತರದ ಚೂರು, ಮಕ್ಕಳ ಅಂಗಿ ಎಲ್ಲ ಸೇರಿಸಿ ಹೊಲಿದ ದಪ್ಪ ದಪ್ಪ ಕೌದಿಗಳು. ಅವನ್ನು ಒಂದು ಸಾಲಿನ ಸೋಲಾರ್ ಪ್ಲೇಟುಗಳ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಹೊದಿಸಿ, ಗಾಳಿಗೆ ಹಾರದಂತೆ ಹಗ್ಗ ಬಿಗಿದು, ಬೆವರು ಒರೆಸಿಕೊಂಡು ಹೇಳಿದರು: "ಈಗ ಮಕ್ಕೊಂಡಾವ. ಬಿಚ್ಚ್ರಿ ಏನ ಬಿಚ್ಚೂದೈತಿ."

ಸುಟ್ಟುಹೋಗಿದ್ದ ಒಂದು ಜಾಯಿಂಟ್ ಬದಲಿಸುವುದಿತ್ತು, ಅಷ್ಟೇ. ಪ್ಲೇಟು ಕೂರಿಸಲು ಬೆಂಗಳೂರಿನಿಂದ ಬಂದಿದ್ದ ಹುಡುಗರು ಮೊಬೈಲ್ ತೆಗೆದು ಫೋಟೊ ಹೊಡೆದುಕೊಂಡರು. ನಲವತ್ತು ಡಿಗ್ರಿ ಬಿಸಿಲಲ್ಲಿ ಗಾಜಿನ ಪ್ಲೇಟಿಗೆ ಚಳಿಯಾದೀತೆಂದು ಹೊದಿಸಿದ್ದಾರೆ ಎಂದು ನಗಾಡಿದರು. ಆ ಪ್ಲಾಂಟಿನ ಉಸ್ತುವಾರಿಗೆಂದು ಬಂದಿದ್ದ ಹೊಸ ಜೂನಿಯರ್ ಎಂಜಿನಿಯರ್ ನಾನು. ನಾನೂ ನಕ್ಕೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅದರ ಹಿಂದಿನ ವಾರ ಲೈನ್‌ಮನ್‌ಗಳಿಗೆಲ್ಲ ತರಬೇತಿ ಇತ್ತು. ಎಲ್ಲರೂ ಚಹಾ ಕುಡಿದು ತಲೆಯಾಡಿಸುತ್ತ ಕೂತಿದ್ದಾಗ ಕಾಕಾ ಒಬ್ಬರೇ ಎದ್ದು ನಿಂತು, "ಸರ್, ಇದಕ್ಕ ಲೈನ್ ಕ್ಲಿಯರ್ ಯಾರ ಕೊಡತಾರ್ರಿ?" ಎಂದು ಕೇಳಿದ್ದರು. ಲೈನ್ ಕ್ಲಿಯರ್ ಎಂದರೆ ನಮ್ಮಲ್ಲಿ ಒಂದು ಮಾತು ಕೊಡುವುದು. ಲೈನ್‌ಮನ್ ಕಂಬ ಹತ್ತುವ ಮೊದಲು ಸ್ಟೇಷನ್ನಿಗೆ, ಅಂದರೆ ಪ್ಲಾಂಟಿಗೆ ಹೊಂದಿಕೊಂಡೇ ಇರುವ, ಲೈನುಗಳಿಗೆ ಕರೆಂಟ್ ಬಿಡುವ ಸಬ್‌ಸ್ಟೇಷನ್ನಿಗೆ, ಫೋನ್ ಮಾಡುತ್ತಾನೆ. ಅಲ್ಲಿದ್ದವರು ಕರೆಂಟ್ ತೆಗೆದು, ಸ್ವಿಚ್ಚಿಗೆ ಬೀಗ ಹಾಕಿ, ಹತ್ತು ಎನ್ನುತ್ತಾರೆ. ಅವನು ಇಳಿದು ತಿರುಗಿ ಫೋನ್ ಮಾಡುವವರೆಗೆ ಯಾರೂ ಆ ಬೀಗ ಮುಟ್ಟುವಂತಿಲ್ಲ. ತರಬೇತಿ ಕೊಡಲು ಬಂದವರು, ಪ್ಲೇಟಿನ ಮೇಲೆ ಬಿಸಿಲು ಬೀಳುತ್ತಿರುವವರೆಗೆ ಅದರೊಳಗೆ ಕರೆಂಟು ಇದ್ದೇ ಇರುತ್ತದೆ, ಅದಕ್ಕೆ ಯಾರೂ ಲೈನ್ ಕ್ಲಿಯರ್ ಕೊಡಲಾಗದು ಎಂದರು. ಕಾಕಾ, "ಸೂರ್ಯಗ ಫೋನ್ ಹಚ್ಚಾಕ ಬರೂದಿಲ್ಲ. ಹಂಗಾರ ನಾವ ಮುಚ್ಚಬೇಕು" ಎಂದು ಕೂತರು. ಮುಚ್ಚುವುದಕ್ಕೆ ಅವರ ಮನೆಯಲ್ಲಿದ್ದದ್ದು ಕೌದಿ. ಕೆಲ ತಿಂಗಳ ನಂತರ ಕಂಪನಿಯೇ ಅದಕ್ಕೆಂದು ಕಪ್ಪು ತಾಡಪತ್ರಿ ಕೊಡಿಸಿತು. ಆದರೆ ಕಾಕಾಗೆ ತಾಡಪತ್ರಿಯ ಮೇಲೆ ಅಷ್ಟೇನೂ ವಿಶ್ವಾಸವಿರಲಿಲ್ಲ.

ನೋಡಲು ಸಣಕಲು ಆಳು. ಹಣೆಯ ಮೇಲೆ ವಿಭೂತಿ, ಬಣ್ಣ ಹೋದ ಖಾಕಿ ಅಂಗಿ, ಹೆಗಲಿಗೆ ಚರ್ಮದ ಹಳೇ ಚೀಲ. ನಡೆಯುವಾಗ ನೆಲ ನೋಡುತ್ತಿರಲಿಲ್ಲ. ತಲೆ ಎತ್ತಿ ತಂತಿಯನ್ನೇ ನೋಡುತ್ತ ನಡೆಯುವವರು. ಎಲ್ಲಿ ಟೊಂಗೆ ತಾಗುತ್ತಿದೆ, ಎಲ್ಲಿ ತಂತಿ ಜೋತಿದೆ ಎಂದು ಲೆಕ್ಕ ಹಾಕುತ್ತಲೇ ಹೋಗಿ ಕಲ್ಲಿಗೆ ಎಡವುತ್ತಿದ್ದರು. ಬಲಗಾಲ ಹೆಬ್ಬೆರಳಿಗೆ ವರ್ಷವಿಡೀ ಬಟ್ಟೆ ಸುತ್ತಿರುತ್ತಿತ್ತು. ಅವರ ಹೆಂಡತಿ ನಿಂಗಮ್ಮ, "ಇವರಿಗೆ ಕಂಬದ ತುದಿ ಕಾಣತೈತಿ, ಮನಿ ಹೊಸ್ತಲ ಕಾಣೂದಿಲ್ಲ" ಎಂದು ನನ್ನ ಮುಂದೆಯೇ ಆಡಿಕೊಳ್ಳುತ್ತಿದ್ದರು. ಕಾಕಾ ಅದಕ್ಕೂ ನಗುತ್ತಿದ್ದರು. ಬೈಗುಳ ಕೇಳಿ ಕೇಳಿ ಅವರಿಗೆ ರೂಢಿಯಾಗಿತ್ತು. ಕರೆಂಟ್ ಹೋದಾಗಲೆಲ್ಲ ಜನ ಬೈಯುವುದು ಲೈನ್‌ಮನ್‌ನನ್ನೇ ತಾನೆ.

ನಾನು ಮಸ್ಕಿಗೆ ಬಂದ ಎರಡನೇ ದಿನವೇ ಅವರಿಗೂ ನನಗೂ ತಿಕ್ಕಾಟವಾಯಿತು. ಹೊಲಗಳ ಕಡೆ ಹೋಗುವ ಒಂದು ಲೈನಿನ ಮೇಲೆ ಕೆಲಸವಿತ್ತು. ಅವರು ಫೋನ್ ಮಾಡಿದರು. ನಾನು ಸ್ವಿಚ್ ತೆಗೆಸಿ, ಬೀಗ ಹಾಕಿಸಿ, ಲೈನ್ ಕ್ಲಿಯರ್ ಇದೆ ಹತ್ತಿ ಎಂದೆ. ಆ ಕಡೆಯಿಂದ, "ಮೇಡಮ್ಮಾರ, ಇವತ್ತ ಏನ ಉಂಡ್ರಿ?" ಎಂಬ ಪ್ರಶ್ನೆ ಬಂತು.

ನಾನು ಲಿಂಗಸೂಗೂರಿನವಳು. ಅಪ್ಪ ಅಲ್ಲಿಯ ಬಸ್ ಡಿಪೊದಲ್ಲಿ ಮೆಕ್ಯಾನಿಕ್. ನಮ್ಮದು ಬೆಳಿಗ್ಗೆ ಬುದ್ಧವಂದನೆ ಮಾಡುವ ಮನೆ. ಏನು ಉಂಡಿರಿ ಎಂದು ಕೇಳುವವರು ಅದರ ಬೆನ್ನಿಗೆ ಇನ್ನೊಂದು ಪ್ರಶ್ನೆ ಇಟ್ಟುಕೊಂಡಿರುತ್ತಾರೆ ಎನ್ನುವುದು ನಮ್ಮಂಥವರಿಗೆ ಶಾಲೆಯ ದಿನಗಳಿಂದ ಗೊತ್ತು. ಬಾಡಿಗೆ ಮನೆ ಹುಡುಕುವಾಗಲೂ ಅದನ್ನೇ ಕೇಳಿದ್ದರು. ಇವರೂ ಶುರು ಮಾಡಿದರಲ್ಲ ಎಂದು ಮೈ ಉರಿಯಿತು. "ನನ್ನ ಊಟ ತಗೊಂಡು ನಿಮಗ ಏನ ಆಗಬೇಕಾಗೇತಿ? ನಿಮ್ಮ ಕೆಲಸ ನೋಡ್ರಿ" ಎಂದು ಫೋನ್ ಇಟ್ಟೆ.

ಅವರು ಕಂಬ ಹತ್ತಲಿಲ್ಲ. ಅರ್ಧ ತಾಸಾಯಿತು, ಒಂದು ತಾಸಾಯಿತು. ಮೇಲಿನಿಂದ ನನಗೆ ಫೋನು ಬರತೊಡಗಿದವು. ಕೊನೆಗೆ ಸ್ಟೇಷನ್ನಿನ ಆಪರೇಟರ್ ಈರಣ್ಣ ಮೆಲ್ಲಗೆ ಹೇಳಿದ: "ಮೇಡಂರ, ಕಾಕಾ ಎಲ್ಲಾರಿಗೂ ಹಂಗ ಕೇಳತಾರ್ರಿ. ಉಂಡದ್ದು ನೆನಪಿದ್ದವರ ತಲಿ ಜಾಗಾದಾಗ ಇರತೈತಿ ಅಂತ ಅವರ ಹಿಶೇಬು. ಹಿಂದಕ ದೊಡ್ಡ ಸಾಹೇಬರಿಗೂ ಕೇಳ್ಯಾರ್ರಿ. ಅವರು ಇವತ್ತ ಉಪಾಸ ಅಂದ್ರ, ಯಾವ ದೇವರದ್ರಿ ಅಂತ ಕೇಳಿ, ಆಮ್ಯಾಲ ಹತ್ಯಾರ."

ನಾನೇ ಫೋನ್ ಹಚ್ಚಿದೆ. ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಒಂದು ಪರೀಕ್ಷೆ ಮಾಡೋಣವೆಂದು ಬೇಕೆಂತಲೇ ಬಿಡಿಸಿ ಹೇಳಿದೆ: "ಎರಡು ಜ್ವಾಳದ ರೊಟ್ಟಿ, ಪುಂಡಿಪಲ್ಯ, ಒಣಮೀನಿನ ಸಾರು. ಮತ್ತೇನರ ಕೇಳೂದೈತೇನು?"

ಕಾಕಾ ಹೇಳಿದರು: "ಒಣಮೀನ ಎಲ್ಲಿ ಸಿಕ್ತ್ರಿ ಮೇಡಮ್ಮಾರ? ಮಸ್ಕಿ ಸಂತ್ಯಾಗ ಛಲೋದು ಬರೂದಿಲ್ಲ. ಹತ್ತತೀನ್ರಿ ಹಂಗಾರ." ಹತ್ತಿ, ಕೆಲಸ ಮುಗಿಸಿ, ಇಳಿದು, ಮತ್ತೆ ಫೋನ್ ಮಾಡಿ ಲೈನ್ ಕ್ಲಿಯರ್ ವಾಪಸ್ ಕೊಟ್ಟರು. ಅವತ್ತಿನಿಂದ ಅವರು ನನಗೆ ಕಾಕಾ ಆದರು. ಮುಂದೆ ನನ್ನ ಅವ್ವ ಲಿಂಗಸೂಗೂರಿನಿಂದ ಒಣಮೀನು ಕಳಿಸಿದಾಗಲೆಲ್ಲ ಅದರಲ್ಲಿ ಅವರ ಪಾಲೂ ಇರುತ್ತಿತ್ತು. ನಿಂಗಮ್ಮ ಕಾಣದ ಹಾಗೆ ಪ್ಲಾಂಟಿನಲ್ಲೇ ಕೂತು ತಿನ್ನುತ್ತಿದ್ದರು. ವಿಭೂತಿ ಅಳಿಸಿಕೊಳ್ಳುತ್ತಿರಲಿಲ್ಲ.

ಸೋಲಾರ್ ಪ್ಲಾಂಟಿಗೆ ಕಂಪನಿ ದುಡ್ಡು ಸುರಿಯುತ್ತಿದೆ ಎಂದು ಮೊದಮೊದಲು ನಮ್ಮ ಆಫೀಸಿನಲ್ಲೇ ಹಲವರು ಮೂಗು ಮುರಿದಿದ್ದರು. ರಾಯಚೂರಿನ ಕಡೆ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುವುದನ್ನು ನೋಡುತ್ತ ಬೆಳೆದವರು ನಾವು. ಹೊಗೆ ಇಲ್ಲದೆ, ಸದ್ದು ಇಲ್ಲದೆ, ಗಾಜಿನ ತುಂಡುಗಳಿಂದ ಪಂಪ್‌ಸೆಟ್ ತಿರುಗುತ್ತವೆ ಎಂದರೆ ನಂಬಿಕೆ ಬರುವುದು ಕಷ್ಟ. ಕಾಕಾ ಮಾತ್ರ ಬಿಸಿಲಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿ, "ಇಷ್ಟ ದಿನ ನಮ್ಮನ್ನ ಸುಟ್ಟಾನ. ಈಗ ದುಡೀಲಿ" ಎಂದಿದ್ದರು.

ಅವರಿಗೆ ಅದರಲ್ಲಿ ಆಸಕ್ತಿ ಹುಟ್ಟಲು ಕಾರಣವಿತ್ತು. ಸಿಂಧನೂರು, ಜವಳಗೇರಾ, ದಢೇಸುಗೂರಿನ ಕಡೆ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುತ್ತಾರೆ. ಮಸ್ಕಿ ದಾಟಿದರೆ ಕಾಲುವೆ ಇಲ್ಲದ ಹೊಲಗಳೇ ಹೆಚ್ಚು, ಬೋರಿನ ನೀರೇ ಗತಿ. ಬೋರಿಗೆ ಬೇಕಾದ ತ್ರೀಫೇಸ್ ಕರೆಂಟು ಎಷ್ಟೋ ಹಳ್ಳಿಗಳಿಗೆ ರಾತ್ರಿ ಪಾಳಿಯಲ್ಲೇ ಬರುತ್ತಿತ್ತು. ಬ್ಯಾಟರಿ ಹಿಡಿದು ಹಾವು ಚೇಳಿನ ನಡುವೆ ಹೊಲಕ್ಕೆ ಹೋಗಿ ಮೋಟರ್ ಚಾಲೂ ಮಾಡಬೇಕು. ಹೋದವರೆಲ್ಲ ಕ್ಷೇಮವಾಗಿ ತಿರುಗಿ ಬರುತ್ತಿರಲಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಆ ಜನರ ಶಾಪ ಕೇಳಿದವರು ಕಾಕಾ. ಈ ಪ್ಲಾಂಟ್ ಕಟ್ಟಿದ್ದೇ ಆ ಹೊಲಗಳಿಗೆ ಹಗಲು ಹೊತ್ತಿನಲ್ಲಿ ಕರೆಂಟು ಕೊಡಲಿಕ್ಕೆ. ಒಂದೊಂದೇ ಲೈನನ್ನು ರಾತ್ರಿ ಪಾಳಿಯಿಂದ ಹಗಲು ಪಾಳಿಗೆ ತರುತ್ತ ಬಂದೆವು.

ಮೊದಲನೇ ಲೈನು ಹಗಲಿಗೆ ಬಂದ ದಿನ ಕಾಕಾ ನನ್ನನ್ನು ಬೈಕಿನ ಮೇಲೆ ಕೂರಿಸಿಕೊಂಡು ಒಂದು ಹೊಲಕ್ಕೆ ಕರೆದೊಯ್ದರು. ದುರುಗಮ್ಮ ಎನ್ನುವ ನಡುವಯಸ್ಸಿನ ಹೆಂಗಸು ಅಲ್ಲಿ ಸೀರೆ ಎತ್ತಿ ಕಟ್ಟಿ, ಸನಿಕೆ ಹಿಡಿದು, ಮೆಣಸಿನ ಗಿಡಕ್ಕೆ ನೀರು ತಿರುಗಿಸುತ್ತಿದ್ದಳು. ಗಂಡ ಇಲ್ಲ. ಅಲ್ಲಿಯವರೆಗೆ ರಾತ್ರಿ ನೀರು ಕಟ್ಟಲು ಮೈದುನನ ಕೈಕಾಲು ಹಿಡಿಯಬೇಕಿತ್ತು, ಅವನು ತನ್ನ ಹೊಲ ಮುಗಿಸಿ ಮನಸ್ಸಾದರೆ ಬರುತ್ತಿದ್ದ. "ನನ್ನ ಹೊಲದ ಬಟನ್ ನಾನ ಒತ್ತಿದ್ದು ಇದ ಮೊದಲನೇ ಸಲ ನೋಡ್ರಿ ಕಾಕಾ" ಎಂದಳು ಆಕೆ. ಕಾಕಾ ಮೋಟರಿನ ಡಬ್ಬಿ ತೆರೆದು ನೋಡಿ, "ಒದ್ದಿ ಕೈಲೆ ಮುಟ್ಟಬ್ಯಾಡ ತಂಗಿ" ಎಂದಷ್ಟೇ ಹೇಳಿದರು. ಬರುವಾಗ ದಾರಿಯಲ್ಲಿ ಎರಡು ಕಡೆ ಬೈಕ್ ನಿಲ್ಲಿಸಿ, ಪೈಪಿನಿಂದ ಬೀಳುವ ನೀರು ನೋಡಿ ಮುಂದೆ ಹೊರಟರು.

ಇನ್ನು ನನ್ನ ತಪ್ಪಿನ ವಿಷಯ. ಅದನ್ನು ಬಿಟ್ಟು ಕಾಕಾನ ಬಗ್ಗೆ ಬರೆದರೆ ಬರೆದಂತಾಗುವುದಿಲ್ಲ.

ಅವತ್ತು ನಾನು ಸಿಂಧನೂರಿನಲ್ಲಿದ್ದೆ. ಮೇಲಧಿಕಾರಿಗಳ ಮುಂದೆ ನಮ್ಮ ಪ್ಲಾಂಟಿನ ಬಗ್ಗೆ ಮಾತಾಡುವುದಿತ್ತು. ಬೆಳಗಿನಿಂದ ಹೊಟ್ಟೆಗೆ ಏನೂ ಹಾಕಿರಲಿಲ್ಲ, ಹಾಳೆ ತಿರುವುತ್ತ ಕೂತಿದ್ದೆ. ನಾನು ಊರಲ್ಲಿಲ್ಲದಾಗ ಲೈನ್ ಕ್ಲಿಯರ್ ಕೊಡುವ ಅಧಿಕಾರವನ್ನು ಈರಣ್ಣನಿಗೆ ಬರೆದುಕೊಟ್ಟು ಹೋಗಬೇಕಿತ್ತು. ಕೊಟ್ಟಿರಲಿಲ್ಲ. ಹಾಗಾಗಿ ಹೊಲದ ಲೈನೊಂದರ ಮೇಲೆ ಕೆಲಸ ಬಂದಾಗ ಕಾಕಾ ನನಗೇ ಫೋನ್ ಮಾಡಿದರು. ಅವರ ಜೊತೆ ಖಾಜಾಸಾಬ ಇದ್ದ. ಕಾಕಾನ ಜೋಡಿಯ ಲೈನ್‌ಮನ್, ಮೂರು ಮಕ್ಕಳ ತಂದೆ, ಕಂಬ ಹತ್ತುವುದರಲ್ಲಿ ಇಡೀ ಮಸ್ಕಿಗೆ ಅವನೇ ಚುರುಕು.

ಯಾವ ಲೈನು ಎಂದು ಕೇಳಿದೆ. ಹೇಳಿದರು. "ಅದು ರಾತ್ರಿ ಪಾಳಿದು ಕಾಕಾ. ಹಗಲಿ ಕರೆಂಟ್ ಎಲ್ಲಿರತೈತಿ ಅದಕ್ಕ? ಹತ್ರಿ" ಎಂದೆ.

ಆ ಲೈನು ಎರಡು ದಿನಗಳ ಹಿಂದೆಯೇ ಹಗಲು ಪಾಳಿಗೆ ಬಂದಿತ್ತು. ಬದಲಾವಣೆಯ ಕಾಗದಕ್ಕೆ ಸಹಿ ಹಾಕಿದ್ದವಳು ನಾನೇ. ಕಾಕಾ ಮಗಳ ಊರು ಸಾಲಗುಂದಕ್ಕೆ ರಜೆ ಹಾಕಿ ಹೋಗಿದ್ದವರು ಅವತ್ತು ಬೆಳಿಗ್ಗೆಯಷ್ಟೇ ಕೆಲಸಕ್ಕೆ ಬಂದಿದ್ದರು. ಖಾಜಾಸಾಬನನ್ನು ಬೇರೆ ಕಡೆ ಕಳಿಸಿದ್ದೆ. ಇಬ್ಬರಿಗೂ ಗೊತ್ತಿರಲಿಲ್ಲ. ಹಗಲು ಹೊಲದ ತಂತಿ ಸತ್ತಿರುತ್ತದೆ ಎನ್ನುವುದು ನಮ್ಮ ಭಾಗದಲ್ಲಿ ಎಷ್ಟು ವರ್ಷದ ರೂಢಿ ಎಂದರೆ, ಅದನ್ನು ಬದಲಿಸಿದ ನನ್ನ ಬಾಯಲ್ಲೇ ಆ ರೂಢಿ ಕೂತಿತ್ತು. ಸ್ವಿಚ್ ತೆಗೆಸಿಲ್ಲ, ಬೀಗ ಹಾಕಿಸಿಲ್ಲ, ಹತ್ರಿ ಎಂದುಬಿಟ್ಟೆ.

"ಊಟ ಆತೇನ್ರಿ ಮೇಡಮ್ಮಾರ?"

"ಆತು ಕಾಕಾ."

"ಏನ ಉಂಡ್ರಿ?"

"ಅದ... ಏನೋ... ಕಾಕಾ, ನಾ ಮೀಟಿಂಗ್‌ನ್ಯಾಗ ಅದೀನಿ, ನೀವು ಹತ್ತಿ ಮುಗಸ್ರಿ."

ಫೋನ್ ಇಟ್ಟೆ. ಆಮೇಲೆ ನಡೆದದ್ದನ್ನು ಈರಣ್ಣ ನನಗೆ ಹೇಳಿದ್ದು. ನಾನು ಹತ್ರಿ ಎಂದದ್ದು ಕಿವಿಗೆ ಬೀಳುತ್ತಲೇ ಖಾಜಾಸಾಬ ಕಂಬಕ್ಕೆ ಕಾಲು ಹಚ್ಚಿ ಆಳೆತ್ತರ ಏರಿದ್ದನಂತೆ. ಕಾಕಾ ಇಳಿ ಎಂದರು. ಅವನು, "ಮೇಡಂ ಹೇಳ್ಯಾರಲ್ಲ ಕಾಕಾ" ಎಂದ. "ಮೇಡಂ ಅಲ್ಲಿಲ್ಲ. ಇಳಿ ಅಂದ್ರ ಇಳಿ" ಎಂದು ಅವನ ಸೊಂಟದ ಪಟ್ಟಿ ಹಿಡಿದು ಎಳೆದರು. ಖಾಜಾಸಾಬ ಗೊಣಗುತ್ತ ಇಳಿದ. ಕಾಕಾ ಬದು ಹತ್ತಿ, ಜಾಲಿ ಗಿಡದ ಮರೆಯಲ್ಲಿದ್ದ ಪಕ್ಕದ ಹೊಲ ನೋಡಿದರು. ಪೈಪಿನಿಂದ ನೀರು ದಬದಬ ಬೀಳುತ್ತಿತ್ತು. ಆ ಹೊಲದ ಮೋಟರು ತಿರುಗುವುದು ಇದೇ ತಂತಿಯ ಕರೆಂಟಿನಿಂದ. ಇಬ್ಬರೂ ಬಹಳ ಹೊತ್ತು ಆ ನೀರು ನೋಡುತ್ತ ನಿಂತರಂತೆ.

ಸಂಜೆ ನಾಲ್ಕಕ್ಕೆ ಕಾಕಾನ ಫೋನ್ ಬಂತು. ದನಿ ಎಂದಿನಂತೆಯೇ ಇತ್ತು. "ಮೀಟಿಂಗ್ ಮುಗೀತೇನ್ರಿ? ಮೊದಲ ಏನರ ತಿನ್ನ್ರಿ. ತಿಂದು ಬಸ್ ಹತ್ತ್ರಿ. ಇಲ್ಲಿ ಬಂದ ಮ್ಯಾಲ ಮಾತಾಡೂಣು." ಏನಾಯಿತೆಂದು ಈರಣ್ಣನಿಗೆ ಫೋನ್ ಮಾಡಿ ಕೇಳಿದೆ. ಸಿಂಧನೂರಿನ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತವಳಿಗೆ ಎರಡು ಬಸ್ಸು ಹೋದದ್ದು ತಿಳಿಯಲಿಲ್ಲ. ಒಬ್ಬ ಮನುಷ್ಯನನ್ನು ನಾನು ಕೊಂದೇಬಿಟ್ಟಿದ್ದೆ. ಅವನು ಬದುಕಿರುವುದರಲ್ಲಿ ನನ್ನದು ಏನೂ ಇಲ್ಲ. ಬಸ್ಸಿನಲ್ಲಿ ಬರುವಾಗಲೇ ವರ್ಗದ ಅರ್ಜಿ ಬರೆದೆ. ಇನ್ನು ಲೈನಿನ ಸಹವಾಸ ಬೇಡ, ಸಿಂಧನೂರಿನ ಆಫೀಸಿನಲ್ಲಿ ಒಂದು ಟೇಬಲ್ ಕೊಟ್ಟರೆ ಸಾಕು ಎಂದು.

ಪ್ಲಾಂಟಿನಲ್ಲಿ ಕಾಕಾ ಒಬ್ಬರೇ ಕಾಯುತ್ತಿದ್ದರು. ಅರ್ಜಿ ಓದಿ ಮಡಚಿ ನನಗೇ ಕೊಟ್ಟರು. "ಕೊಡ್ರಿ. ಬ್ಯಾಡ ಅನ್ನೂದಿಲ್ಲ. ಆದ್ರ ಮೊದಲ ಇವತ್ತಿಂದು ಬರೀರಿ. ಏನೂ ಆಗಲಿಲ್ಲ ಅಂತ ಬರೀಬ್ಯಾಡ್ರಿ. ಏನ ಆಗತಿತ್ತು ಅಂತ ಬರೀರಿ. ನಾಳಿ ಮುಂಜಾನಿ ಎಲ್ಲಾರ ಮುಂದ ನೀವ ಓದ್ರಿ."

ನಮ್ಮ ಓಣಿಯಿಂದ ಎಂಜಿನಿಯರ್ ಆದ ಮೊದಲನೆಯವಳು ನಾನು. ನನ್ನ ತಪ್ಪು ನನ್ನೊಬ್ಬಳದಾಗಿ ಉಳಿಯುವುದಿಲ್ಲ, ಇವರೆಲ್ಲ ಹೀಗೇ ಎನ್ನಲು ಬಾಯಿ ಕಾದಿರುತ್ತವೆ ಎಂಬ ಹೆದರಿಕೆ. ಅದನ್ನು ಹಾಗೆಯೇ ಕಾಕಾಗೆ ಹೇಳಿದೆ. ಅವರು ಅಡಕೆ ಕತ್ತರಿಸುತ್ತಿದ್ದ ಕೈ ನಿಲ್ಲಿಸಿದರು. "ಅನ್ನಾವರು ಅಂತಾರವ್ವಾ. ಸುಳ್ಳ ಹೇಳೂದಿಲ್ಲ ನಾ. ಆದ್ರ ಇದನ್ನ ಬ್ಯಾರೆಯವರು ಬರದ್ರ ನಿಮ್ಮ ಮ್ಯಾಲ ದೂರು ಆಗತೈತಿ. ನೀವ ಬರದ್ರ ಕೆಲಸ ಆಗತೈತಿ." ಅವರು ನನಗೆ ಅವ್ವಾ ಎಂದದ್ದು ಅದೇ ಮೊದಲು.

ಬರೆದೆ. ಮರುದಿನ ಬೆಳಿಗ್ಗೆ ಸ್ಟೇಷನ್ನಿನ ಅಂಗಳದಲ್ಲಿ ಎಲ್ಲ ಲೈನ್‌ಮನ್‌ಗಳ ಮುಂದೆ ನಿಂತು ಓದಿದೆ. ಯಾರ ಮುಖವನ್ನೂ ನೋಡಲಿಲ್ಲ. ಓದಿ ಮುಗಿದಾಗ ಖಾಜಾಸಾಬ, "ನನಗ ಮೂರ ಮಕ್ಕಳದಾರ್ರಿ ಮೇಡಂರ" ಎಂದು ಹೇಳಿ ಹೊರಗೆ ಹೋದ.

ನಾನು ಬರೆದದ್ದನ್ನು ಮೇಲಿನ ಆಫೀಸಿಗೂ ಕಳಿಸಿದೆ. ಮೆಮೊ ಬಂತು, ಉತ್ತರ ಕೊಟ್ಟೆ. ಅದರ ಜೊತೆ ಇನ್ನೊಂದೂ ಆಯಿತು. ಹಗಲು ಪಾಳಿಗೆ ಬಂದ ಪ್ರತಿ ಲೈನಿನ ಟಿ.ಸಿ. ಕಂಬಕ್ಕೆ, ಅಂದರೆ ಟ್ರಾನ್ಸ್‌ಫಾರ್ಮರ್ ಇರುವ ಕಂಬಕ್ಕೆ, ಕೆಂಪು ಬೋರ್ಡು ಹಾಕಬೇಕು, ಊರಲ್ಲಿಲ್ಲದವರು ಫೋನಿನಲ್ಲಿ ಲೈನ್ ಕ್ಲಿಯರ್ ಕೊಡಬಾರದು ಎಂದು ಆದೇಶ ಬಂತು. ಕಾಕಾ ಅಷ್ಟಕ್ಕೇ ಬಿಡಲಿಲ್ಲ. ನಮಗೇ ಮರೆತದ್ದು ರೈತರಿಗೆ ನೆನಪಿರುತ್ತದೆಯೇ ಎಂದು ಅವರ ಚಿಂತೆ. ಹಗಲು ಕರೆಂಟ್ ಇರುವುದಿಲ್ಲ ಎಂದು ಟಿ.ಸಿ. ಪೆಟ್ಟಿಗೆಗೆ ಕೈ ಹಾಕಿ ಫ್ಯೂಜ್ ಕಟ್ಟುವವರು ಪ್ರತಿ ಊರಲ್ಲಿ ಇಬ್ಬರಾದರೂ ಇದ್ದರು. ರಜೆಯ ದಿನ ಹಳ್ಳಿ ಹಳ್ಳಿಗೆ ಹೋಗಿ, ಡಂಗುರ ಸಾರುವವನ ಜೊತೆ ತಾವೇ ನಡೆದು, ಅವನು ಹಲಗೆ ಬಾರಿಸಿದ ಮೇಲೆ ತಾವೇ ಕೂಗುತ್ತಿದ್ದರು: "ಕೇಳ್ರಪೋ ಕೇಳ್ರಿ. ಇನ್ನ ಮ್ಯಾಲ ಹಗಲಿ ತಂತ್ಯಾಗ ಜೀವ ಇರತೈತಿ. ಹಳೇ ಲೆಕ್ಕ ಬಿಡ್ರಿ. ಏನರ ಆದ್ರ ನನಗ ಫೋನ್ ಹಚ್ಚ್ರಿ, ನೀವು ಹತ್ತಬ್ಯಾಡ್ರಿ." ತಂತಿ ನೋಡುತ್ತ ನಡೆದು ಅಲ್ಲೂ ಎಡವಿದರೆಂದು ಡಂಗುರದವನು ಎಲ್ಲರಿಗೂ ಹೇಳಿ ನಗಿಸಿದ. ಅವರ ತಿರುಗಾಟದಿಂದ ಎಷ್ಟು ಜನ ಉಳಿದರು ಎಂದು ಯಾರು ಹೇಳಬೇಕು? ಹೋದವರನ್ನು ಲೆಕ್ಕ ಇಡಬಹುದು, ಉಳಿದವರಿಗೆ ತಾವು ಉಳಿದದ್ದೇ ಗೊತ್ತಿರುವುದಿಲ್ಲ.

ವರ್ಗದ ಅರ್ಜಿ ನನ್ನ ಚೀಲದಲ್ಲೇ ಉಳಿಯಿತು. ಆದರೆ ಒಂದು ಶಿಕ್ಷೆ ಸುಮ್ಮನೆ ನಡೆದೇ ಇತ್ತು. ನನ್ನ ಹತ್ತಿರ ಯಾರೂ ಲೈನ್ ಕ್ಲಿಯರ್ ಕೇಳುತ್ತಿರಲಿಲ್ಲ. ನಾನು ಈಗ ಈರಣ್ಣನಿಗೆ ಅಧಿಕಾರ ಬರೆದುಕೊಟ್ಟಿದ್ದೆನಲ್ಲ, ಎಲ್ಲರೂ ಅವನಿಗೇ ಫೋನ್ ಮಾಡುತ್ತಿದ್ದರು. ನಾನು ಅಲ್ಲೇ ಪಕ್ಕದ ಕುರ್ಚಿಯಲ್ಲಿ ಕೂತಿದ್ದರೂ ಅಷ್ಟೇ. ಖಾಜಾಸಾಬನಂತೂ ಫೋನಿನಲ್ಲಿ, "ಈರಣ್ಣ, ನೀನ ಅದಿಯಲ್ಲ? ಬ್ಯಾರೆ ಯಾರೂ ಅಲ್ಲಲ್ಲ?" ಎಂದು ಕೇಳುವುದು ನನಗೂ ಕೇಳಿಸುತ್ತಿತ್ತು. ಕಾಕಾ ಕೂಡ ಕೇಳುವುದು ಈರಣ್ಣನನ್ನೇ. ಅದು ಎಲ್ಲಕ್ಕಿಂತ ನೋಯಿಸಿತು. ಒಂದು ದಿನ ತಡೆಯಲಾರದೆ, "ನಿಮಗೂ ನನ್ನ ಮ್ಯಾಲ ವಿಶ್ವಾಸ ಇಲ್ಲೇನು ಕಾಕಾ?" ಎಂದೆ.

"ವಿಶ್ವಾಸ ಏನು ಅಂಗಡ್ಯಾಗ ಸಿಗತೈತೇನವ್ವಾ? ಅದಕ್ಕ ದಿನ ಹಿಡೀತಾವ. ನೀವು ಅಲ್ಲೇ ಕುಂದರ್ರಿ. ಎದ್ದು ಮಾತ್ರ ಹೋಗಬ್ಯಾಡ್ರಿ" ಎಂದರು.

ಕೂತೆ. ಒಂದು ವರ್ಷದ ಮೇಲಾಯಿತು. ಯಾರೂ ಕೇಳದಿದ್ದರೂ ಈರಣ್ಣ ಸ್ವಿಚ್ ತೆಗೆದಾಗಲೆಲ್ಲ ಎದ್ದು ಹೋಗಿ ಬೀಗ ಎಳೆದು ನೋಡಿ ಬರುತ್ತಿದ್ದೆ. ಒಂದು ಗಂಟೆಗೆ ಡಬ್ಬಿ ಬಿಚ್ಚಿ ಸರಿಯಾಗಿ ಊಟ ಮಾಡುತ್ತಿದ್ದೆ. ಪಾಳಿ ಬದಲಾದರೆ ಎಲ್ಲ ಲೈನ್‌ಮನ್‌ಗಳಿಗೂ ನಾನೇ ಒಬ್ಬೊಬ್ಬರಾಗಿ ಹೇಳಿ, ಅವರ ಬಾಯಿಂದ ತಿರುಗಿ ಹೇಳಿಸುತ್ತಿದ್ದೆ. ಖಾಜಾಸಾಬ ನೆಲ ನೋಡುತ್ತ ತಿರುಗಿ ಹೇಳಿ ಹೋಗುತ್ತಿದ್ದ.

ಹುಸೇನಪ್ಪ ಕಾಕಾ ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಮಧ್ಯಾಹ್ನ ಉಂಡು, ಮನೆಯ ಪಡಸಾಲೆಯಲ್ಲಿ ಹೊರಸಿನ ಮೇಲೆ ಮಲಗಿದವರು ಏಳಲಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಂಬ ಹತ್ತಿಳಿದ ಮನುಷ್ಯ ತನ್ನ ಮನೆಯಲ್ಲಿ, ತನ್ನ ಹೊರಸಿನ ಮೇಲೆ, ನಿದ್ದೆಯಲ್ಲಿ ಹೋಗುವುದೆಂದರೆ ನಮ್ಮ ಇಲಾಖೆಯಲ್ಲಿ ಅದು ಸಣ್ಣ ಮಾತಲ್ಲ. ಮಣ್ಣಿಗೆ ಬಂದ ಲೈನ್‌ಮನ್‌ಗಳೆಲ್ಲ ಅದನ್ನೇ ಮಾತಾಡಿಕೊಂಡರು. ದುರುಗಮ್ಮ ಬಂದಿದ್ದಳು. ಮಸ್ಕಿ, ಲಿಂಗಸೂಗೂರು, ಸಿಂಧನೂರು ಮೂರೂ ತಾಲೂಕಿನಿಂದ ಜನ ಬಂದಿದ್ದರು. ನಾನು ಅತ್ತೆ, ನಿಜ. ಆದರೆ ನನ್ನ ಮಟ್ಟಿಗೆ ಕಾಕಾ ನಮ್ಮನ್ನು ಬಿಟ್ಟು ಹೋದದ್ದು ಅದರ ಹಿಂದಿನ ವರ್ಷ, ನಿವೃತ್ತಿಯಾದ ದಿನ.

ಅವತ್ತು ಸಂಜೆ ಆಫೀಸಿನಲ್ಲಿ ಶಾಲು ಹೊದಿಸುವ ಕಾರ್ಯಕ್ರಮವಿತ್ತು. ಕೆಲಸಕ್ಕೆ ಬರುವುದು ಬೇಡ ಎಂದು ಎಲ್ಲರೂ ಹೇಳಿದ್ದರು. ಮಧ್ಯಾಹ್ನ ಎರಡರ ಸುಮಾರಿಗೆ ಪ್ಲಾಂಟಿನ ಬೇಲಿಯಾಚೆ, ನನ್ನ ಕಿಟಕಿಗೆ ನೇರ ಕಾಣುವ ಕಂಬದ ಕೆಳಗೆ, ಕಾಕಾ, ಖಾಜಾಸಾಬ ಮತ್ತೆ ನಾಲ್ಕೈದು ಜನ ಲೈನ್‌ಮನ್‌ಗಳು ನಿಂತಿದ್ದು ಕಂಡಿತು. ಅಲ್ಲಿ ಎರಡು ತಂತಿ ಕೂಡಿಸುವ ಒಂದು ಸಡಿಲಾದ ಜಂಪರ್ ಬಿಗಿಯುವುದಿತ್ತು, ಅರ್ಜೆಂಟಿನದೇನಲ್ಲ. ನನ್ನ ಮೊಬೈಲ್ ಬಡಿದುಕೊಂಡಿತು.

"ಮೇಡಮ್ಮಾರ, ಹುಸೇನಪ್ಪ ಮಾತಾಡಾಕತ್ತೀನಿ. ಪ್ಲಾಂಟಿನ ಲೈನಿಗೆ ಲೈನ್ ಕ್ಲಿಯರ್ ಬೇಕಾಗೈತ್ರಿ."

ಈರಣ್ಣ ಎದ್ದು ನಿಂತ. ಅವನನ್ನು ಕೂರಿಸಿ ನಾನೇ ಹೋದೆ. ಬ್ರೇಕರ್ ತೆಗೆದೆ. ಅಂಗಳಕ್ಕೆ ಇಳಿದು ಸ್ವಿಚ್ಚಿನ ಹಿಡಿಕೆ ಎಳೆದು ಬೀಗ ಹಾಕಿದೆ, ಬೀಗದ ಕೈ ಮುಷ್ಟಿಯಲ್ಲಿ ಹಿಡಿದೆ. ತಪ್ಪಿ ಕರೆಂಟ್ ಬಂದರೂ ನೆಲಕ್ಕಿಳಿಯುವಂತೆ ಮೂರೂ ತಂತಿಗೆ ಅರ್ಥಿಂಗ್ ಸರಪಳಿ ತೊಡಿಸಿದೆ. ಪುಸ್ತಕದಲ್ಲಿ ಬರೆದೆ. ಆಮೇಲೆ ಫೋನ್ ಮಾಡಿ ಲೈನ್ ಕ್ಲಿಯರ್ ಐತಿ ಕಾಕಾ ಎಂದೆ.

"ಹತ್ತತೀನಿ" ಎಂದರು.

ಅರವತ್ತು ತುಂಬಿದ ಮನುಷ್ಯ. ಖಾಜಾಸಾಬ ತಾನು ಹತ್ತುವೆನೆಂದು ಮುಂದೆ ಬಂದದ್ದೂ, ಕಾಕಾ ಅವನನ್ನು ಕೈಯಿಂದ ಹಿಂದೆ ಸರಿಸಿದ್ದೂ ನನಗೆ ಕಾಣಿಸಿತು. ನಿಧಾನವಾಗಿ ಹತ್ತಿದರು. ಮೇಲೆ ಪಟ್ಟಿ ಬಿಗಿದುಕೊಂಡು, ಮುಖ ಪ್ಲಾಂಟಿನ ಕಡೆ ತಿರುಗಿಸಿ, ಬರಿಗೈಯಿಂದ ತಂತಿ ಹಿಡಿದರು. ಜಂಪರ್ ಬಿಗಿಯಲು ಹಾಗೆ ಹಿಡಿಯಬೇಕಾಗಿರಲಿಲ್ಲ. ಕೆಳಗೆ ನಿಂತವರಿಗೆಲ್ಲ ಕಾಣುವಷ್ಟು ಹೊತ್ತು ಹಿಡಿದೇ ಇದ್ದರು. ನಾನು ಕಿಟಕಿಯ ಸರಳು ಹಿಡಿದು ನಿಂತಿದ್ದೆ, ಕೂರಲು ಆಗಲಿಲ್ಲ.

ಇಳಿದ ಮೇಲೆ ಲೈನ್ ಕ್ಲಿಯರ್ ವಾಪಸ್ ಕೊಡಲು ಫೋನ್ ಹಚ್ಚಿದರು. ಅದು ಚಾಲೂ ಇದ್ದಾಗಲೇ ಅವರು ಖಾಜಾಸಾಬನಿಗೆ ಹೇಳಿದ್ದು ನನಗೆ ಕೇಳಿಸಿತು: "ನನ್ನ ಕೈ ಕಾಲು ಬರೋಬ್ಬರಿ ಅದಾವ ನೋಡ್ಕೋ. ಇನ್ನ ನಾ ಬರೂದಿಲ್ಲ." ಸಂಜೆ ಶಾಲು ಹೊದಿಸಿದರು, ಹಾರ ಹಾಕಿದರು, ಭಾಷಣ ಮಾಡಿದರು. ಕಾಕಾ ಎರಡು ಮಾತು ಆಡಿ ಎಂದರೆ, ಚಹಾ ಆರತೈತಿ ಕುಡೀರಿ ಎಂದು ಕೂತರು. ನಾನು ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದೆ, ಬಿಡಲಿಲ್ಲ. ನಾನು ಹೇಳಬೇಕೆಂದಿದ್ದ ಮಾತು ಅವತ್ತು ಹೇಳದೇ ಉಳಿಯಿತು. ಅದನ್ನು ಈಗ ಇಲ್ಲಿ ಹೇಳುತ್ತಿದ್ದೇನೆ: ಕಾಕಾ, ಖಾಜಾಸಾಬನ ಜೀವ ಉಳಿಸಿದ್ದು ನೀವು, ನನ್ನದನ್ನೂ.

ಮರುದಿನ ಹುಸೇನಪ್ಪ ಕಾಕಾ ಇಲ್ಲದ ಮೊದಲನೇ ದಿನ. ಹತ್ತೂವರೆಯ ಬಿಸಿಲು ಪ್ಲೇಟಿಗೆ ಚೆನ್ನಾಗಿ ಬಿದ್ದು, ಹೊಲದ ಲೈನುಗಳೆಲ್ಲ ತುಂಬಿ ಹರಿಯುತ್ತಿದ್ದವು. ಸ್ಟೇಷನ್ನಿನ ಫೋನು ಈರಣ್ಣನ ಮೇಜಿನ ಮೇಲೆ ಸುಮ್ಮನಿತ್ತು. ಬಡಿದುಕೊಂಡದ್ದು ನನ್ನ ಮೊಬೈಲು.

"ಮೇಡಂರ, ನಾ ಖಾಜಾ. ದುರುಗಮ್ಮನ ಹೊಲದ ಲೈನಿಗೆ ಲೈನ್ ಕ್ಲಿಯರ್ ಬೇಕಾಗಿತ್ರಿ."

ಎದ್ದು ಹೋಗಿ, ಕರೆಂಟ್ ತೆಗೆದು, ಬೀಗ ಹಾಕಿ, ಎರಡು ಸಲ ಎಳೆದು ನೋಡಿ ಬಂದೆ. "ಹತ್ರಿ ಖಾಜಾಸಾಬ" ಎಂದೆ. ಅವನು ಹತ್ತಿದ.